ಆಕಾಶದಲ್ಲಿ ಎರಡನೆಯ ಪಂಕ್ತಿ

ಕಳೆದ ಆಷಾಢದ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಪದವಿಪೂರ್ವ ತರಗತಿಯಲ್ಲಿ ನನ್ನ ಬಳಿ ಎರಡು ವರ್ಷ ಕನ್ನಡ ಓದಿದವನು. ಮುಂದೆ ಎಂಜಿನಿಯರಿಂಗಿನ ದಾರಿ ಹಿಡಿದು ಈಗ ಸಂಶೋಧನೆಯಲ್ಲಿ ತೊಡಗಿದ್ದಾನೆ. ಕಾಫಿ ಮುಗಿಯುವವರೆಗೆ ಊರಿನ ಮಾತು, ಮಳೆಯ ಮಾತು. ಲೋಟವನ್ನು ಕೆಳಗಿಟ್ಟ ಮೇಲೆ ಮೆಲ್ಲಗೆ ವಿಷಯಕ್ಕೆ ಬಂದ.

“ಸರ್, ಎರಡು ಮಾತಿಗೆ ಕನ್ನಡ ಬೇಕಾಗಿತ್ತು. ನನ್ನ ಸಂಶೋಧನೆಯ ವಿಷಯವಾಗಿ ಮಾತಾಡು ಅಂತ ನಮ್ಮೂರ ಹೈಸ್ಕೂಲಿನವರು ಕರೆದಿದ್ದಾರೆ. ಪ್ರೈಮರಿ ಯೂಸರ್, ಸೆಕೆಂಡರಿ ಯೂಸರ್—ಇವಕ್ಕೆ ಏನು ಹೇಳಲಿ?”

ಕನ್ನಡ ಮೇಷ್ಟರನ್ನು ಇಂತಹ ಪ್ರಶ್ನೆ ಕೇಳುವುದೆಂದರೆ ಹಸಿದವನ ಮುಂದೆ ಎಲೆ ಹಾಕಿದಂತೆ. ಕ್ಷಣವೂ ತಡಮಾಡದೆ, “ಪ್ರಥಮ ಬಳಕೆದಾರ, ದ್ವಿತೀಯ ಬಳಕೆದಾರ” ಎಂದುಬಿಟ್ಟೆ. ಅವನು ವಿಧೇಯನಾಗಿ ಬರೆದುಕೊಂಡ. ಬರೆದುಕೊಂಡ ಮೇಲೂ ಆ ಕಾಗದವನ್ನೇ ನೋಡುತ್ತ ಕುಳಿತ.

“ಅರ್ಥ ಬಂತು ಸರ್. ಸಂಗತಿ ಬರಲಿಲ್ಲ.”

ಸಂಗತಿ ಏನೆಂದು ಕೇಳಿದೆ. ಅವನು ಹೇಳುತ್ತ ಹೋದ, ನಾನು ಕೇಳುತ್ತ ಹೋದೆ. ರಾತ್ರಿಯ ಊಟದ ಹೊತ್ತು ಮೀರಿತು. ಗಣಿತದಲ್ಲಿ ನನ್ನ ಗತಿ ಕೂಡುವುದು ಕಳೆಯುವುದರಾಚೆಗೆ ಹೆಚ್ಚು ದೂರ ಹೋದುದಲ್ಲ. ಆದರೂ ಅವನು ತೋರಿಸಿದ ಒಂದು ಸಣ್ಣ ಲೆಕ್ಕ ಅಂದಿನಿಂದ ನನ್ನ ಬೆನ್ನು ಬಿಟ್ಟಿಲ್ಲ. ಅದನ್ನು ಓದುಗರೊಡನೆ ಹಂಚಿಕೊಳ್ಳುವುದೇ ಈ ಬರಹದ ಉದ್ದೇಶ.

*

ಆಕಾಶಕ್ಕೂ ಮಾತಿಗೂ ನಂಟು ಕಲ್ಪಿಸುವುದು ನಮಗೇನೂ ಹೊಸತಲ್ಲ. ಮೈಸೂರಿನಲ್ಲಿ ೧೯೩೫ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ನಿಲಯವೊಂದನ್ನು ತೆರೆದಾಗ ಅದು ‘ಆಕಾಶವಾಣಿ’ ಎನಿಸಿಕೊಂಡಿತು. ಆ ಹೆಸರೇ ಮುಂದೆ ದೇಶದ ಬಾನುಲಿಗೆಲ್ಲ ಹೆಸರಾಯಿತು. ಆದರೆ ಪುರಾಣದ ಆಕಾಶವಾಣಿಗೂ ಬಾನುಲಿಗೂ ಒಂದು ದೊಡ್ಡ ಭೇದವುಂಟು. ಪುರಾಣದಲ್ಲಿ ಆಕಾಶ ಮಾತನಾಡುವಾಗ ಉಳಿದವರೆಲ್ಲ ಮೌನ. ನಿಜದ ಆಕಾಶದಲ್ಲಿ ಎಲ್ಲರೂ ಮಾತನಾಡಬೇಕು: ಬಾನುಲಿ, ದೂರದರ್ಶನ, ವಿಮಾನ, ಹಡಗು, ಪೊಲೀಸು, ಇವೆಲ್ಲದರ ಮೇಲೆ ನಮ್ಮ ನಿಮ್ಮ ಕಿಸೆಯಲ್ಲಿರುವ ಫೋನು. ಒಂದೇ ಕಂಪನಾಂಕದಲ್ಲಿ, ಒಂದೇ ಪ್ರದೇಶದಲ್ಲಿ ಇಬ್ಬರು ಒಮ್ಮೆಗೇ ಬಾಯಿ ತೆರೆದರೆ ಇಬ್ಬರ ಮಾತೂ ಕೆಡುತ್ತದೆ. ಆದ್ದರಿಂದ ಆಕಾಶವನ್ನು ಹಂಚಬೇಕಾಯಿತು.

ಈ ಹಂಚಿಕೆಯ ಚರಿತ್ರೆಯಲ್ಲಿ ಒಂದು ದುರಂತದ ನೆರಳಿದೆ. ೧೯೧೨ರ ಏಪ್ರಿಲ್‌ನಲ್ಲಿ ಟೈಟಾನಿಕ್ ಹಡಗು ಮುಳುಗಿತು. ಅದೇ ವರ್ಷದ ಆಗಸ್ಟಿನಲ್ಲಿ ಅಮೆರಿಕ ದೇಶವು ರೇಡಿಯೊ ಕಾಯಿದೆಯನ್ನು ಮಾಡಿ, ಪರವಾನಗಿ ಇಲ್ಲದೆ ಯಾರೂ ತರಂಗಗಳನ್ನು ಬಿಡಕೂಡದೆಂದು ವಿಧಿಸಿತು. ಅಲ್ಲಿಂದ ಮುಂದೆ ಲೋಕದ ಎಲ್ಲೆಡೆಯೂ ಇದೇ ರೂಢಿ. ತರಂಗಾಂತರವೆಂಬುದು ಹೊಲವಾಯಿತು; ಹೊಲಕ್ಕೆ ಬದು ಬಿತ್ತು; ಪ್ರತಿ ಬದುವಿನೊಳಗೂ ಒಬ್ಬೊಬ್ಬ ಪಟ್ಟೆದಾರ. ಪಟ್ಟೆದಾರನು ಉತ್ತಿರಲಿ, ಬೀಳು ಬಿಟ್ಟಿರಲಿ, ಬದು ದಾಟುವ ಅಧಿಕಾರ ಮತ್ತೊಬ್ಬನಿಗಿಲ್ಲ.

ಬೀಳು ಬಿದ್ದ ನೆಲ ಎಷ್ಟೆಂಬ ವಿಚಾರ ಬಂದುದು ಬಹಳ ತಡವಾಗಿ. ಅಮೆರಿಕದ ಸಂಪರ್ಕ ಆಯೋಗವು ನೇಮಿಸಿದ ಕಾರ್ಯಪಡೆ ೨೦೦೨ರ ನವೆಂಬರಿನಲ್ಲಿ ವರದಿ ಕೊಟ್ಟಿತು. ಅನೇಕ ಪಟ್ಟಿಗಳಲ್ಲಿ ನಿಜವಾದ ಕೊರತೆ ತರಂಗಗಳದ್ದಲ್ಲ, ಅವುಗಳನ್ನು ಬಳಸುವ ಅವಕಾಶದ್ದು—ಇದು ಅದರ ಸಾರ. ಎಂದರೆ ಊಟಕ್ಕೆ ಎಲೆ ಸಾಲದೆಂದು ಹೊರಗೆ ಜನ ಕಾಯುತ್ತಿದ್ದಾರೆ. ಒಳಗೆ ಹಾಕಿದ ಎಲೆಗಳಲ್ಲಿ ಎಷ್ಟೋ ಖಾಲಿ.

ಇದಕ್ಕೆ ಮೂರು ವರ್ಷ ಮೊದಲು, ೧೯೯೯ರಲ್ಲಿ, ಜೋಸೆಫ್ ಮಿಟೋಲಾ ಎಂಬ ಎಂಜಿನಿಯರು ಗೆರಾಲ್ಡ್ ಮಗ್ವಾಯರ್ ಅವರೊಡನೆ ಬರೆದ ಲೇಖನವೊಂದರಲ್ಲಿ ‘ಕಾಗ್ನಿಟಿವ್ ರೇಡಿಯೊ’ ಎಂಬ ಕಲ್ಪನೆಯನ್ನು ಮುಂದಿಟ್ಟಿದ್ದರು. ಮರುವರ್ಷ ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮಿನ ತಾಂತ್ರಿಕ ವಿದ್ಯಾಲಯಕ್ಕೆ ಅವರು ಒಪ್ಪಿಸಿದ ಪ್ರಬಂಧದ ವಿಷಯವೂ ಅದೇ. ಅರಿವುಳ್ಳ ರೇಡಿಯೊ ಎಂದು ಅದನ್ನು ಕರೆಯೋಣ. ಬಾಯಿ ತೆರೆಯುವ ಮುನ್ನ ಕಿವಿಗೊಡುವ ರೇಡಿಯೊ ಅದು. ಪಟ್ಟೆದಾರ ಮಾತನಾಡುತ್ತಿದ್ದಾನೆಯೇ ಎಂದು ಆಲಿಸುತ್ತದೆ. ಇಲ್ಲವೆಂದು ಕಂಡರೆ ಆ ಬಿಡುವಿನಲ್ಲಿ ತನ್ನ ಮಾತನ್ನು ಕಳಿಸುತ್ತದೆ. ಪಟ್ಟೆದಾರ ಮರಳಿದೊಡನೆ ಮಾತನ್ನು ಅರ್ಧಕ್ಕೇ ನಿಲ್ಲಿಸಿ ಎದ್ದು ಹೋಗುತ್ತದೆ. ಆ ಪಟ್ಟೆದಾರನೇ ನನ್ನ ವಿದ್ಯಾರ್ಥಿಯ ‘ಪ್ರೈಮರಿ ಯೂಸರ್’. ಎದ್ದು ಹೋಗುವವನು ‘ಸೆಕೆಂಡರಿ ಯೂಸರ್’.

“ಹಾಗಾದರೆ ಇದು ಎರಡನೆಯ ಪಂಕ್ತಿಯ ವಿಷಯ” ಎಂದೆ.

“ಪಂಕ್ತಿಯೇ ಸರ್. ಆದರೆ ಮೊದಲ ಪಂಕ್ತಿ ಎದ್ದ ಮೇಲೆ ಎರಡನೆಯದು ಕೂತು ನಿಶ್ಚಿಂತೆಯಾಗಿ ಉಣ್ಣುವ ಹಾಗಿಲ್ಲ. ನೀವು ಸಾರನ್ನಕ್ಕೆ ಕೈ ಹಾಕಿದ್ದೀರಿ. ಅಷ್ಟರಲ್ಲಿ ಬೀಗರ ಕಡೆಯವರು ಇನ್ನೊಬ್ಬರು ಬಂದರು. ನೀವು ಎಲೆ ಬಿಟ್ಟು ಏಳಬೇಕು. ಅವರು ಉಂಡು ಕೈ ತೊಳೆದ ಮೇಲೆ ನಿಮಗೆ ಮಜ್ಜಿಗೆಯೋ, ಮತ್ತೆ ಮೊದಲಿನಿಂದ ಉಪ್ಪು ಬಡಿಸುವುದೋ—ಅದೂ ಒಂದು ಪ್ರಶ್ನೆ.”

*

ಇಲ್ಲಿ ಸರದಿಯ ಶಾಸ್ತ್ರ ಪ್ರವೇಶಿಸುತ್ತದೆ. ಕಾಯುವುದಕ್ಕೂ ಒಂದು ಶಾಸ್ತ್ರವೇ ಎಂದು ಓದುಗರು ಹುಬ್ಬೇರಿಸಬಹುದು. ಉಂಟು, ಅದಕ್ಕೆ ನೂರು ವರ್ಷ ಮೀರಿದ ವಯಸ್ಸೂ ಉಂಟು. ಅದರ ಮೂಲಪುರುಷರು ಡೆನ್ಮಾರ್ಕಿನ ಆಗ್ನರ್ ಕ್ರಾರುಪ್ ಎರ್ಲಾಂಗ್. ೧೮೭೮ರಲ್ಲಿ ಹಳ್ಳಿಯ ಉಪಾಧ್ಯಾಯರೊಬ್ಬರ ಮಗನಾಗಿ ಹುಟ್ಟಿ, ತಾವೂ ಕೆಲವು ವರ್ಷ ಉಪಾಧ್ಯಾಯರಾಗಿದ್ದು, ೧೯೦೮ರಲ್ಲಿ ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯನ್ನು ಸೇರಿದರು. ಕಂಪನಿಯ ಮುಂದಿದ್ದ ಪ್ರಶ್ನೆ ಬಹು ಸರಳ: ಊರಿನಲ್ಲಿ ಇಷ್ಟು ಜನ ಮಾತನಾಡುವವರಿದ್ದರೆ ಎಷ್ಟು ತಂತಿ ಎಳೆಯಬೇಕು? ಕಡಿಮೆ ಎಳೆದರೆ ಜನ ಬೈಯುತ್ತಾರೆ. ಹೆಚ್ಚು ಎಳೆದರೆ ಹಣ ದಂಡ.

ಯಾರು ಯಾವಾಗ ಫೋನು ಎತ್ತುತ್ತಾರೆಂದು ಬ್ರಹ್ಮನೂ ಹೇಳಲಾರ. ಆದರೆ ಸಾವಿರಾರು ಮಂದಿಯ ಅನಿಶ್ಚಯಗಳನ್ನು ಒಟ್ಟಿಗೆ ನೋಡಿದಾಗ ಆ ಗೊಂದಲಕ್ಕೂ ಒಂದು ಲಯವಿರುತ್ತದೆ. ಆ ಲಯವನ್ನು ಎರ್ಲಾಂಗ್ ೧೯೦೯ರಲ್ಲಿ ಗುರುತಿಸಿದರು. ೧೯೧೭ರಲ್ಲಿ ಅದರ ಸೂತ್ರಗಳನ್ನು ಪ್ರಕಟಿಸಿದರು. ಒಂದು ತಂತಿಯನ್ನು ಬಿಡುವಿಲ್ಲದೆ ತುಂಬುವಷ್ಟು ಮಾತಿನ ಭಾರಕ್ಕೆ ಈಗ ಅವರದೇ ಹೆಸರು: ಒಂದು ಎರ್ಲಾಂಗ್. ಅಷ್ಟು ಭಾರಕ್ಕೆ ಒಂದೇ ತಂತಿಯಿದ್ದರೆ ಸಾಲಬೇಕಲ್ಲವೇ? ಸಾಲದು. ಕರೆಗಳು ಒಂದರ ಹಿಂದೆ ಒಂದು ಶಿಸ್ತಾಗಿ ಬರುವುದಿಲ್ಲ. ಗುಂಪಾಗಿ ಬರುತ್ತವೆ, ಮತ್ತೆ ಬಿಡುವಾಗುತ್ತದೆ. ಕಾಯಲು ಸ್ಥಳವಿಲ್ಲದಿದ್ದರೆ ಕರೆಗಳಲ್ಲಿ ಅರ್ಧ ಹಿಂದಿರುಗುತ್ತವೆ. ಎರಡು ತಂತಿಗಳಿದ್ದರೆ ಐದರಲ್ಲಿ ಒಂದು, ಮೂರಿದ್ದರೆ ಹದಿನಾರರಲ್ಲಿ ಒಂದು.

ಆಕಾಶವನ್ನು ಏಕೆ ಹಂಚಿಕೊಂಡು ಬಳಸಬೇಕೆಂಬುದಕ್ಕೂ ಈ ಶಾಸ್ತ್ರದಲ್ಲಿಯೇ ಉತ್ತರವಿದೆ. ನಡುವೆ ಗೋಡೆಯಿರುವ ಎರಡು ಕೇರಿಗಳನ್ನು ಊಹಿಸಿಕೊಳ್ಳಿ. ಕೇರಿಗೊಂದು ನಲ್ಲಿ. ಒಂದು ಕೊಡ ತುಂಬಲು ಸರಾಸರಿ ಒಂದು ನಿಮಿಷ. ಪ್ರತಿ ಕೇರಿಯಲ್ಲಿಯೂ ಗಂಟೆಗೆ ೪೮ ಕೊಡಗಳು, ಹೊತ್ತಿಗೊಂದು ಗೊತ್ತಿಲ್ಲದೆ, ಬರುತ್ತವೆ. ಬಂದು, ಕಾದು, ತುಂಬಿಸಿಕೊಂಡು ಹೊರಡುವುದಕ್ಕೆ ಒಬ್ಬೊಬ್ಬರಿಗೆ ಸರಾಸರಿ ಐದು ನಿಮಿಷ. ಈಗ ಗೋಡೆಯನ್ನು ಕೆಡವಿ, ಎರಡು ನಲ್ಲಿಗಳಿಗೂ ಒಂದೇ ಸಾಲು ಮಾಡಿ. ನೀರು ಹೆಚ್ಚಲಿಲ್ಲ, ಕೊಡಗಳು ಕಡಿಮೆಯಾಗಲಿಲ್ಲ. ಐದು ನಿಮಿಷವಿದ್ದುದು ಮೂರು ನಿಮಿಷಕ್ಕೂ ಕಡಿಮೆಗೆ ಇಳಿಯುತ್ತದೆ. ಒಂದು ಕಡೆ ನಲ್ಲಿ ಸುಮ್ಮನಿದ್ದು ಇನ್ನೊಂದು ಕಡೆ ಜನ ನಿಂತಿರುವುದು ತಪ್ಪಿತು, ಅಷ್ಟೇ.

ಆದರೆ ಆಕಾಶದ ಗೋಡೆಯನ್ನು ಹೀಗೆ ಪೂರ್ಣವಾಗಿ ಕೆಡವಲು ಪಟ್ಟೆದಾರರು ಒಪ್ಪರು. ಅವರದು ಹಿಂದಿನ ಹಕ್ಕು. ಆದ್ದರಿಂದ ಗೋಡೆಯಲ್ಲಿ ಒಂದು ದಿಡ್ಡಿ ಬಾಗಿಲು ಇಡಲಾಯಿತು. ಆ ಬಾಗಿಲಿನ ಹೆಸರೇ ತಾರತಮ್ಯ.

*

ನನ್ನ ಬೆನ್ನು ಬಿಡದ ಲೆಕ್ಕ ಇಲ್ಲಿದೆ. ಓದುಗರು ಎರಡು ನಿಮಿಷ ತಾಳ್ಮೆ ವಹಿಸಬೇಕು.

ಒಂದೇ ಒಂದು ತರಂಗಮಾರ್ಗವಿದೆ. ಒಂದು ಮಾತಿಗೆ ಸರಾಸರಿ ಒಂದು ನಿಮಿಷ. ಗಂಟೆಗೆ ಮೊದಲ ಪಂಕ್ತಿಯವರದು ೩೦ ಮಾತು, ಎರಡನೆಯ ಪಂಕ್ತಿಯವರದು ೧೮, ಒಟ್ಟು ೪೮. ಪಂಕ್ತಿಭೇದವಿಲ್ಲದೆ ಬಂದವರಿಗೆ ಬಂದಂತೆ ಅವಕಾಶ ಕೊಟ್ಟರೆ, ನಲ್ಲಿಯ ಸಾಲಿನಂತೆಯೇ, ಎಲ್ಲರಿಗೂ ಸರಾಸರಿ ಐದು ನಿಮಿಷ ಹಿಡಿಯುತ್ತದೆ. ಈಗ ಪಂಕ್ತಿಭೇದವನ್ನು ತನ್ನಿ. ಮೊದಲನೆಯವರು ಬಂದೊಡನೆ ಎರಡನೆಯವರು ಏಳಬೇಕು. ಮತ್ತೆ ಬಿಡುವಾದಾಗ ನಿಲ್ಲಿಸಿದ ಕಡೆಯಿಂದ ಮುಂದುವರಿಸಬೇಕು. ಮೊದಲ ಪಂಕ್ತಿಯವರಿಗೆ ಐದು ನಿಮಿಷವಿದ್ದುದು ಎರಡೇ ನಿಮಿಷವಾಗುತ್ತದೆ. ಎರಡನೆಯವರಿಗೆ ಐದಿದ್ದುದು ಹತ್ತಾಗುತ್ತದೆ.

“ಇನ್ನು ಗುಣಿಸಿ ಸರ್” ಎಂದ. ಮೊದಲನೆಯವರು ೩೦ ಮಂದಿ. ಒಬ್ಬೊಬ್ಬರಿಗೆ ಉಳಿದದ್ದು ಮೂರು ನಿಮಿಷ. ಒಟ್ಟು ತೊಂಬತ್ತು ನಿಮಿಷ. ಎರಡನೆಯವರು ೧೮ ಮಂದಿ. ಒಬ್ಬೊಬ್ಬರಿಗೆ ಹೆಚ್ಚಿದ್ದು ಐದು ನಿಮಿಷ. ಒಟ್ಟು ತೊಂಬತ್ತು ನಿಮಿಷ.

ನಾನು ಇನ್ನೊಮ್ಮೆ ಗುಣಿಸಿದೆ. ಅದೇ ತೊಂಬತ್ತು.

ಇದು ಆಕಸ್ಮಿಕವಲ್ಲ. ಕಾಯುವಿಕೆಗೂ ಒಂದು ಸಂರಕ್ಷಣೆಯ ನಿಯಮವಿದೆಯೆಂದು ಲೆನಾರ್ಡ್ ಕ್ಲೈನ್‌ರಾಕ್ ಎಂಬ ವಿದ್ವಾಂಸರು ೧೯೬೫ರಲ್ಲಿ ಸಾಧಿಸಿ ತೋರಿಸಿದರಂತೆ. ಎರಡೂ ವರ್ಗದವರ ಮಾತಿನ ಉದ್ದ ಒಂದೇ ಬಗೆಯದಾಗಿದ್ದು, ನಡುವೆ ಕೆಲಸ ವ್ಯರ್ಥವಾಗದಿದ್ದರೆ, ತಾರತಮ್ಯವು ಕಾಯುವಿಕೆಯನ್ನು ಇಲ್ಲವಾಗಿಸುವುದಿಲ್ಲ. ಒಬ್ಬರ ತಲೆಯಿಂದ ಇಳಿಸಿ ಇನ್ನೊಬ್ಬರ ತಲೆಯ ಮೇಲೆ ಇಡುತ್ತದೆ. ನೀತಿಗ್ರಂಥಗಳಲ್ಲಿ ಉಪದೇಶರೂಪವಾಗಿ ಇಂತಹ ಮಾತನ್ನು ಬೇಕಾದಷ್ಟು ಓದಿದ್ದೇನೆ. ಟೆಲಿಫೋನಿನ ಗಣಿತದಲ್ಲಿ, ಒಂದು ನಿಮಿಷವೂ ಹೆಚ್ಚು ಕಡಿಮೆಯಾಗದೆ, ಅದನ್ನು ಕಂಡದ್ದು ಇದೇ ಮೊದಲು.

ಮುಂದಿನದು ಇನ್ನೂ ತೀಕ್ಷ್ಣವಾದುದು. ಎರಡನೆಯ ಪಂಕ್ತಿಯವರು ಗಂಟೆಗೆ ೧೮ರಿಂದ ೨೪ಕ್ಕೆ ಏರಿದರೆ ಅವರಿಗೆ ಹಿಡಿಯುವ ಹೊತ್ತು ಇಪ್ಪತ್ತು ನಿಮಿಷ. ೨೭ಕ್ಕೆ ಏರಿದರೆ ನಲವತ್ತು. ೩೦ಕ್ಕೆ ಮುಟ್ಟಿದರೆ ಸಾಲಿಗೆ ಕೊನೆಯೆಂಬುದೇ ಇಲ್ಲ. ಇಷ್ಟೆಲ್ಲ ಆಗುವಾಗ ಮೊದಲ ಪಂಕ್ತಿಯವರ ಹೊತ್ತು ಎಷ್ಟು? ಅದೇ ಎರಡು ನಿಮಿಷ. ಅವರ ಸೂತ್ರದಲ್ಲಿ ಎರಡನೆಯವರ ಸಂಖ್ಯೆಗೆ ಸ್ಥಾನವೇ ಇಲ್ಲ. ಬಾಗಿಲ ಹೊರಗೆ ಒಬ್ಬರಿರಲಿ, ನೂರು ಮಂದಿಯಿರಲಿ, ಒಳಗೆ ಉಣ್ಣುವವರಿಗೆ ತಿಳಿಯುವ ಮಾರ್ಗವಿಲ್ಲ. ಆದರೆ ಒಳಗಿನವರು ಗಂಟೆಗೆ ಆರೇ ಆರು ಮಂದಿ ಹೆಚ್ಚಿ ೩೬ ಆದರೆ, ಅವರಿಗೆ ತಗಲುವುದು ಅರ್ಧ ನಿಮಿಷ. ಹೊರಗಿನ ೧೮ ಮಂದಿಗೆ ಹತ್ತು ನಿಮಿಷವಿದ್ದುದು ಇಪ್ಪತ್ತೈದಾಗುತ್ತದೆ.

“ಇದು ಅನ್ಯಾಯವಲ್ಲವೇನಯ್ಯಾ?” ಎಂದು ಕೇಳಿದೆ.

ಅವನು ನಕ್ಕ. “ಇರಬಹುದು ಸರ್. ಆದರೆ ಮುಂಚೆ ಗೋಡೆ ಇದ್ದಾಗ ಅವರು ಎಷ್ಟು ಹೊತ್ತು ಕಾಯುತ್ತಿದ್ದರು? ಯಾವಾಗಲೂ ಕಾಯುತ್ತಿದ್ದರು. ಅವರ ಸರದಿ ಬರುವುದೇ ಇರಲಿಲ್ಲ. ಅನಂತದಿಂದ ಹತ್ತು ನಿಮಿಷಕ್ಕೆ ಇಳಿದಿದೆ ಅಂತಲೂ ಹೇಳಬಹುದಲ್ಲ?”

ಉತ್ತರ ಸರಿಯಾಗಿತ್ತು. ಸರಿಯಾದ ಉತ್ತರ ಕೇಳಿಯೂ ನನಗೆ ಸಮಾಧಾನವಾಗಲಿಲ್ಲ.

*

ಈ ಸಂಶೋಧಕರು ಮಾಡುತ್ತಿರುವುದೇನು? ಎರಡನೆಯ ಪಂಕ್ತಿಯವರ ಪಾಡನ್ನು ಸಹನೀಯವಾಗಿಸುವ ಉಪಾಯಗಳನ್ನು ಹುಡುಕುವುದು, ಎಂದು ಹೇಳಿದರೆ ತಪ್ಪಾಗಲಾರದು. ಅವುಗಳಲ್ಲಿ ಒಂದೆರಡನ್ನು ಹೇಳುತ್ತೇನೆ.

ಮಾತು ಅರ್ಧಕ್ಕೆ ನಿಂತಾಗ ರೇಡಿಯೊ ಏನು ಮಾಡಬೇಕು? ಇದ್ದಲ್ಲಿಯೇ ಕಾಯಬಹುದು, ಇಲ್ಲವೆ ಬೇರೊಂದು ತರಂಗಮಾರ್ಗವನ್ನು ಹುಡುಕಿಕೊಂಡು ಹೋಗಬಹುದು. ಹುಡುಕುವುದಕ್ಕೂ ಹೊತ್ತು ಬೇಕು. ಹೋದಲ್ಲಿ ಇದಕ್ಕಿಂತ ಉದ್ದದ ಸಾಲಿರಬಹುದು. ಪಟ್ಟೆದಾರ ಬಹುಬೇಗ ಎದ್ದು ಹೋಗುವ ಸ್ವಭಾವದವನಾದರೆ ಕಾಯುವುದೇ ಮೇಲು. ತಳವೂರಿ ಕೂರುವವನಾದರೆ ಹೊರಡುವುದು ಮೇಲು. ಎಲ್ಲಿ ಒಂದು ಮುಗಿದು ಇನ್ನೊಂದು ಮೊದಲಾಗಬೇಕೆಂಬ ಗೆರೆಯನ್ನು ಸರದಿಯ ಸೂತ್ರಗಳು ಎಳೆದು ಕೊಡುತ್ತವೆ. ಕಡಿದ ಮಾತನ್ನು ಮೊದಲಿನಿಂದ ಮತ್ತೆ ಆಡಬೇಕಾಗಿ ಬಂದರೆ ಮೇಲಿನ ತೊಂಬತ್ತರ ಲೆಕ್ಕವೂ ನಿಲ್ಲುವುದಿಲ್ಲ. ಆಗ ಇವರು ಕಳೆದುಕೊಳ್ಳುವುದು ಅವರು ಗಳಿಸುವುದಕ್ಕಿಂತ ಹೆಚ್ಚು.

ಇನ್ನೊಂದು ಪ್ರಶ್ನೆ. ಹತ್ತು ತರಂಗಮಾರ್ಗಗಳಿವೆಯೆನ್ನಿ. ಬಿಡುವಾದ ಪ್ರತಿಯೊಂದಕ್ಕೂ ಹೊಸಬರನ್ನು ಬಿಡುತ್ತ ಹೋದರೆ, ಪಟ್ಟೆದಾರ ಬಂದಾಗ ಏಳಿಸಲ್ಪಟ್ಟವನಿಗೆ ಹೋಗಲು ಎಡೆಯಿರುವುದಿಲ್ಲ. ಆದ್ದರಿಂದ ಒಂದೆರಡು ಮಾರ್ಗಗಳನ್ನು ಏಳಿಸಲ್ಪಟ್ಟವರಿಗಾಗಿಯೇ ಮೀಸಲಿಡುತ್ತಾರೆ. ಹೊಸಬರಲ್ಲಿ ಕೆಲವರು ಬಾಗಿಲಿನಿಂದಲೇ ಹಿಂದಿರುಗಬೇಕಾಗುತ್ತದೆ, ನಿಜ. ಆದರೆ ಬಾಗಿಲಿನಿಂದ ಹಿಂದಿರುಗುವ ನೋವಿಗಿಂತ ಎಲೆಯ ಮುಂದಿನಿಂದ ಏಳುವ ನೋವು ದೊಡ್ಡದೆಂಬುದನ್ನು ಈ ಗಣಿತಜ್ಞರು ಬಲ್ಲರು. ಈ ತಿಳಿವನ್ನು ಕಂಡು ನನಗೆ ಅವರಲ್ಲಿ ಗೌರವ ಹುಟ್ಟಿತು.

ಕಿವಿಯ ತೊಂದರೆಯೂ ಒಂದುಂಟು. ಪಟ್ಟೆದಾರ ಮೌನವಾಗಿದ್ದರೂ ಗದ್ದಲವನ್ನು ಕೇಳಿ ಮಾತೆಂದು ಭ್ರಮಿಸಿದರೆ ಬಿಡುವು ವ್ಯರ್ಥವಾಗುತ್ತದೆ. ಪಟ್ಟೆದಾರನ ಮಾತು ಗುಡ್ಡದ ಮರೆಯಲ್ಲಿ ಕೇಳಿಸದೆ ಹೋಗಿ ಬಾಯಿ ತೆರೆದರೆ ಪಟ್ಟೆದಾರನಿಗೇ ಅಪಚಾರ. ದೂರದರ್ಶನದ ಬಿಡುವುಗಳನ್ನು ಹಳ್ಳಿಗಾಡಿಗೆ ಬಳಸಲು ೨೦೧೧ರಲ್ಲಿ ಸಿದ್ಧವಾದ ೮೦೨.೨೨ ಎಂಬ ಮಾನಕವು ಪಟ್ಟೆದಾರನನ್ನು ಎರಡು ಸೆಕೆಂಡಿನೊಳಗೆ ಗುರುತಿಸಬೇಕೆಂದು ವಿಧಿಸಿತು. ಬರಿಯ ಕಿವಿಯನ್ನು ನಂಬುವುದು ಕಷ್ಟವೆಂಬುದನ್ನು ಅಮೆರಿಕದ ಆಯೋಗ ೨೦೧೦ರಲ್ಲಿಯೇ ಒಪ್ಪಿತ್ತು. ಎಲ್ಲಿ ಯಾವ ಮಾರ್ಗ ಬಿಡುವಾಗಿದೆಯೆಂದು ಒಂದು ದಾಖಲೆಯನ್ನು ಕೇಳಿ ತಿಳಿಯುವ ಯಂತ್ರಗಳಿಗೆ ಆಲಿಸುವ ಕಡ್ಡಾಯವನ್ನು ಆ ವರ್ಷ ತೆಗೆದುಹಾಕಿತು.

ಸೂತ್ರಗಳಿಗೂ ಮಿತಿಯಿದೆ. ಎರ್ಲಾಂಗರ ಕಾಲದ ದೂರವಾಣಿಯ ಕರೆಗಳಂತೆ ಇಂದಿನ ಮಾಹಿತಿಯ ಹರಿವು ನಡೆದುಕೊಳ್ಳುವುದಿಲ್ಲ. ಅದು ಮಳೆಯಂತೆ ಬರುತ್ತದೆ: ಹಿಡಿದರೆ ವಾರಗಟ್ಟಲೆ, ಬಿಟ್ಟರೆ ತಿಂಗಳುಗಟ್ಟಲೆ. ದೂರದರ್ಶನದ ಗೋಪುರವಂತೂ ವೇಳಾಪಟ್ಟಿಯ ಪ್ರಕಾರ ಮಾತನಾಡುವುದೇ ಹೊರತು ಯದೃಚ್ಛೆಯಿಂದಲ್ಲ. ಲೆಕ್ಕವನ್ನು ನಂಬುವ ಮೊದಲು ಲೆಕ್ಕದ ಊಹೆಯನ್ನು ನೋಡಬೇಕೆಂದು ನನ್ನ ವಿದ್ಯಾರ್ಥಿ ಎರಡು ಬಾರಿ ಹೇಳಿದ.

*

ಮೊದಲ ಪಂಕ್ತಿಯಲ್ಲಿ ಕೂರುವ ಅರ್ಹತೆ ಯಾವುದರಿಂದ ಬರುತ್ತದೆ? ಇದು ಗಣಿತದ ಪ್ರಶ್ನೆಯಲ್ಲ. ಗಣಿತ ಇದನ್ನು ನಮಗೇ ಬಿಟ್ಟಿದೆ.

ಅಮೆರಿಕದ ಒಂದು ಉದಾಹರಣೆಯನ್ನು ನೋಡೋಣ. ೩೫೫೦ರಿಂದ ೩೭೦೦ ಮೆಗಾಹರ್ಟ್ಸ್‌ವರೆಗಿನ ಪಟ್ಟಿಗೆ ಅಲ್ಲಿನ ಆಯೋಗ ೨೦೧೫ರಲ್ಲಿ ಮೂರು ಪಂಕ್ತಿಗಳನ್ನು ಗೊತ್ತುಮಾಡಿತು. ಮೊದಲ ಪಂಕ್ತಿಯಲ್ಲಿ ಮುಖ್ಯವಾಗಿ ನೌಕಾಪಡೆಯ ರಾಡಾರು. ಕರಾವಳಿಯ ಕಿವಿಗಳು ರಾಡಾರಿನ ಸುಳಿವನ್ನು ತಿಳಿಸಿದ ೩೦೦ ಸೆಕೆಂಡಿನೊಳಗೆ ಉಳಿದವರು ಜಾಗ ಬಿಡಬೇಕು. ಎರಡನೆಯ ಪಂಕ್ತಿ ಹರಾಜಿನಲ್ಲಿ ಹಕ್ಕು ಕೊಂಡವರದು. ೨೦೨೦ರಲ್ಲಿ ನಡೆದ ಆ ಹರಾಜಿನಲ್ಲಿ ೪೫೦ ಕೋಟಿ ಡಾಲರಿಗೂ ಮೀರಿದ ಹಣ ಕೂಡಿತು. ಮೂರನೆಯ ಪಂಕ್ತಿ ಸರ್ವರದು: ಹಣ ತೆತ್ತು ಹಕ್ಕು ಕೊಳ್ಳದವರು, ಮೇಲಿನ ಇಬ್ಬರೂ ಬಿಟ್ಟ ಎಡೆಯಲ್ಲಿ ಮಾತನಾಡಿಕೊಳ್ಳಬಹುದು. ಗಮನಿಸಿ: ಮೊದಲ ಪಂಕ್ತಿಗೆ ಕಾರಣ ಅಗತ್ಯ, ಎರಡನೆಯದಕ್ಕೆ ಕಾರಣ ಹಣ. ಲೆಕ್ಕ ಮಾತ್ರ ಎರಡಕ್ಕೂ ಒಂದೇ. ಸೂತ್ರಕ್ಕೆ ಆಂಬುಲೆನ್ಸೂ ಒಂದೇ, ಅಂಬಾರಿಯೂ ಒಂದೇ.

ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು ೧೯೯೫ರಲ್ಲಿ ಆಕಾಶದ ತರಂಗಗಳು ಸಾರ್ವಜನಿಕ ಸ್ವತ್ತೆಂದು ಸಾರಿತು. ಎಲ್ಲರ ಸ್ವತ್ತಿನಲ್ಲಿ ಯಾರು ಮೊದಲು, ಯಾರು ಅನಂತರ ಎಂಬ ಪ್ರಶ್ನೆ ಆದ್ದರಿಂದಲೇ ಎಂಜಿನಿಯರುಗಳದು ಮಾತ್ರವಲ್ಲ.

ಇದನ್ನು ಬರೆಯುವಾಗ ನನಗೆ ೧೯೮೮ರ ಒಂದು ದಿನ ನೆನಪಾಗುತ್ತದೆ. ನನಗಾಗ ಏಳೋ ಎಂಟೋ ವರ್ಷ. ಅಜ್ಜಿಗೆ ಕಾಯಿಲೆ ಬಲವಾಗಿತ್ತು. ಮುಂಬಯಿಯಲ್ಲಿದ್ದ ಸೋದರಮಾವನಿಗೆ ತಿಳಿಸಲು ಅಮ್ಮ ನನ್ನನ್ನು ಕರೆದುಕೊಂಡು ಅಂಚೆ ಕಚೇರಿಗೆ ಹೋಗಿ ಟ್ರಂಕ್ ಕಾಲ್ ಬುಕ್ ಮಾಡಿದಳು. ಆ ಕಾಲದಲ್ಲಿ ಕರೆಗಳಿಗೆ ಪಂಕ್ತಿಗಳಿದ್ದವು: ಆರ್ಡಿನರಿ, ಅದಕ್ಕೆ ಎರಡರಷ್ಟು ದರ ಕೊಟ್ಟರೆ ಅರ್ಜೆಂಟ್, ಅದಕ್ಕೂ ಮಿಗಿಲಾಗಿ ತೆತ್ತರೆ ಲೈಟ್ನಿಂಗ್. ಅಮ್ಮನ ಕೈಯಲ್ಲಿದ್ದ ಹಣ ಆರ್ಡಿನರಿಯದು. ಬೆಳಿಗ್ಗೆ ಹತ್ತಕ್ಕೆ ಬೆಂಚಿನ ಮೇಲೆ ಕುಳಿತೆವು. ಅಡಿಕೆ ಮಂಡಿಯ ಗುಮಾಸ್ತರು ಒಬ್ಬರಾದ ಮೇಲೆ ಒಬ್ಬರು ಬಂದರು, ಧಾರಣೆ ವಿಚಾರಿಸಿದರು, ಹೋದರು. ಅವರದು ಅರ್ಜೆಂಟ್. ಅಜ್ಜಿಯ ಕಾಯಿಲೆ ಆರ್ಡಿನರಿ. ಅವರಲ್ಲಿ ಯಾರೂ ಕೆಟ್ಟವರಲ್ಲ. ಒಬ್ಬರು ನನಗೆ ಪೆಪ್ಪರ್‌ಮಿಂಟು ಕೊಟ್ಟ ನೆನಪೂ ಇದೆ. ತಮ್ಮ ಎರಡು ನಿಮಿಷ ಯಾರ ಹತ್ತು ನಿಮಿಷವೆಂದು ಅವರಿಗೆ ತಿಳಿಯುವ ಮಾರ್ಗವಿರಲಿಲ್ಲ, ಅಷ್ಟೇ.

ಸಂಜೆ ಐದರ ಮೇಲೆ ಕರೆ ಸಿಕ್ಕಿತು. ಆ ರಾತ್ರಿಯ ಬಸ್ಸಿಗೆ ಮಾವನಿಗೆ ಹೊತ್ತು ಸಾಲಲಿಲ್ಲ. ಮರುದಿನ ಹೊರಟು ಅವನು ಮನೆ ಮುಟ್ಟುವಾಗ ಅಂಗಳದಲ್ಲಿ ಜನ ಸೇರಿದ್ದರು. ಎಷ್ಟೋ ವರ್ಷಗಳ ಮೇಲೆ ಈ ಮಾತು ಬಂದಾಗ ಅಮ್ಮ, “ಅವರಿಗೂ ಏನು ಅವಸರವಿತ್ತೋ, ಯಾರು ಕಂಡರು?” ಎಂದಳು. ಮನೆಯಲ್ಲಿ ಎಲ್ಲರ ಊಟವಾದ ಮೇಲೆ ಕೊನೆಯ ಎಲೆ ಹಾಕಿಕೊಳ್ಳುವವಳು ಅವಳು. ಉಣ್ಣುವಾಗ ಯಾರಾದರೂ ಬಂದರೆ ಎದ್ದು, ಕೈ ತೊಳೆದು, ಬಡಿಸಿ, ಮತ್ತೆ ಕುಳಿತವಳು. ಆಗ ನಾನು ಮೊದಲ ಪಂಕ್ತಿಯಲ್ಲಿದ್ದೆ. ನನ್ನ ಸೂತ್ರದಲ್ಲಿ ಅವಳ ಸಂಖ್ಯೆ ಇರಲಿಲ್ಲ.

*

ಊಟಕ್ಕೆ ಎದ್ದಾಗ ನನ್ನ ವಿದ್ಯಾರ್ಥಿ ಮತ್ತೆ ಕೇಳಿದ: “ಸರ್, ಆ ಎರಡು ಮಾತು?”

ದ್ವಿತೀಯ ಎಂದರೆ ಅಂಕಿ ಮಾತ್ರ. ಅತಿಥಿ ಎನ್ನೋಣವೆಂದರೆ ನಮ್ಮಲ್ಲಿ ಅತಿಥಿಗೆ ಮೊದಲ ಎಲೆ, ಪದವೇ ತಲೆಕೆಳಗಾಗುತ್ತದೆ. ಕೊನೆಗೆ ಹೇಳಿದೆ: “ಮೊದಲಿನವರನ್ನು ಹಕ್ಕಿನವರು ಎನ್ನು. ಇವರನ್ನು ಬಿಡುವಿನವರು ಎನ್ನು. ಹಕ್ಕಿನವರು ಬಿಟ್ಟ ಬಿಡುವಿನಲ್ಲಿ ಬದುಕುವವರು.”

ಅವನು ಹಳೆಯ ಸಾಲನ್ನು ಹೊಡೆದುಹಾಕಿ ಹೊಸದನ್ನು ಬರೆದುಕೊಂಡ. “ಇದನ್ನು ಹೈಸ್ಕೂಲಿನ ಮಕ್ಕಳಿಗೆ ವಿವರಿಸಬೇಕಾಗಿಲ್ಲ ಸರ್” ಎಂದ. ಆಮೇಲೆ ಸ್ವಲ್ಪ ತಡೆದು, “ತೊಂಬತ್ತರ ಲೆಕ್ಕವನ್ನೂ ಬೋರ್ಡಿನ ಮೇಲೆ ಮಾಡಿ ತೋರಿಸುತ್ತೇನೆ” ಎಂದ.

ಮಾಡಿ ತೋರಿಸಲಿ. ಆ ಮಕ್ಕಳಲ್ಲಿ ಮುಂದೆ ಯಾರೋ ಒಬ್ಬರು ಪಂಕ್ತಿಗಳನ್ನು ಗೊತ್ತುಮಾಡುವ ಅಧಿಕಾರದಲ್ಲಿ ಕುಳಿತುಕೊಳ್ಳಬಹುದು. ಒಳಗೆ ಉಳಿದ ಮೂರು ನಿಮಿಷವನ್ನು ಲೆಕ್ಕ ಹಾಕುವಾಗ, ಹೊರಗೆ ಬೆಂಚಿನ ಮೇಲೆ ಹೆಚ್ಚಿದ ಐದು ನಿಮಿಷವನ್ನೂ ಅವರು ಬರೆದುಕೊಂಡರೆ ಸಾಕು.

ಅಂದು ರಾತ್ರಿ ನಮ್ಮ ಮನೆಯಲ್ಲಿ ಎಲೆಗಳನ್ನು ಒಟ್ಟಿಗೇ ಹಾಕಿದೆವು.